ಕುಡಿಯುವವರನ್ನು ನೋಡದೆ

ಮದ್ದೂರಿನಲ್ಲಿ ನನ್ನನ್ನು ಕಂಡರೆ ಆಗದವರು ಬಹಳ ಮಂದಿ ಇದ್ದರು. ಇದ್ದರೆ ಇರಲಿ. ನಾನು ಅಲ್ಲಿಗೆ ಹೋದದ್ದು ಯಾರ ಮದುವೆಯಲ್ಲೂ ಆರತಿ ಎತ್ತುವುದಕ್ಕಲ್ಲ, ಆಸ್ಪತ್ರೆಯಲ್ಲಿ ನರ್ಸಾಗಿ ಔಷಧಿ ಕೊಡುವುದಕ್ಕೆ. ಹೇಗೆ ಕೊಡಬೇಕೋ ಹಾಗೆ ಕೊಟ್ಟೆ. ಕೊಡಬಾರದ ಕಡೆ ಕೊಡಲಿಲ್ಲ. ಜಗಳಗಳೆಲ್ಲ ಹುಟ್ಟಿದ್ದು ಕೊಡದೆ ಇದ್ದದ್ದರಿಂದಲೇ.

ನಾಲೆಯ ನೀರು ಬಂದು ಇನ್ನೂ ಹೊಸತು, ಮೂವತ್ತರ ದಶಕದ ನಡುವಿನ ವರ್ಷಗಳು. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು, ಕಬ್ಬು ಆಳೆತ್ತರ ನಿಂತಿತು, ನಿನ್ನೆಯವರೆಗೆ ಮಳೆಗಾಗಿ ಆಕಾಶ ನೋಡುತ್ತಿದ್ದವರು ಬದುವಿನ ಮೇಲೆ ಕೂತು ಬೀಡಿ ಸೇದತೊಡಗಿದರು. ಸಂತೋಷವೇ. ಆದರೆ ನೀರಿನ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ. ಮಂಡ್ಯ, ಮದ್ದೂರು, ಮಳವಳ್ಳಿ, ಎಲ್ಲಿ ಹೋದರೂ ಕಂಬಳಿ ಹೊದ್ದು ಬಿಸಿಲಿನಲ್ಲಿ ಕೂತು ನಡುಗುವ ಜನ. ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಕಟ್ಟೆಯ ಮೇಲೆ ಸಾಲು. ಎಲ್ಲರ ಕೈಯಲ್ಲೂ ಒಂದೊಂದು ಸೀಸೆ, ಎಣ್ಣೆಯದೋ ಸಾರಾಯಿಯದೋ, ತೊಳೆದದ್ದು ತೊಳೆಯದ್ದು. ಅದರಲ್ಲಿ ಕ್ವಿನೈನು ಮಿಕ್ಸ್‌ಚರು ಹಾಕಿ, ಒಂದು ಹೊತ್ತಿಗೆ ಎಷ್ಟು ಎಂದು ಗೊತ್ತಾಗಲು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದೆವು.

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಕಾಯಿಲೆ ಒಬ್ಬರಿಗೆ, ಆಸ್ಪತ್ರೆಗೆ ಬರುವವರು ಇನ್ನೊಬ್ಬರು. ಮನೆಯ ಹೆಣ್ಣುಮಕ್ಕಳು, ಅದರಲ್ಲೂ ಸೊಸೆಯಂದಿರು, ಹೊಸಿಲು ದಾಟಿ ಬಂದು ಗಂಡಸು ಡಾಕ್ಟರ ಮುಂದೆ ನಾಲಿಗೆ ಚಾಚುವುದುಂಟೇ? ಹಿರಿಯರು ಯಾರಾದರೂ ಬರುತ್ತಿದ್ದರು. ಬಂದವರು ಸೊಸೆಗೆ ಎಂದು ಬಾಯಿಬಿಟ್ಟು ಹೇಳಿದರಾದರೂ ಪುಣ್ಯ. ಅದೂ ಇಲ್ಲ, ಎಲ್ಲವೂ ತಮಗೇ. ಒಮ್ಮೆ ಹಲ್ಲಿಲ್ಲದ ಒಬ್ಬ ಮುದುಕ ಡಾಕ್ಟರ ಮುಂದೆ ಕೂತು, "ಎದೆ ಆಲು ಕಟ್ಕಂಡು ಗಟ್ಟಿಯಾಗದೆ ಸಾಮಿ" ಎಂದ. ಡಾಕ್ಟರು ತಲೆ ಎತ್ತಿ, "ಯಾರಿಗಯ್ಯಾ?" ಎಂದರು. "ನನ್ಗೇಯ" ಎಂದ ಮುದುಕ, ಮುಖದ ಒಂದು ಗೆರೆಯೂ ಅಲುಗಲಿಲ್ಲ. ಇನ್ನೊಬ್ಬ ತನಗೆ ಹೊಟ್ಟೆಹುಳ ಎಂದು ಹರಳೆಣ್ಣೆ ಒಯ್ದು ಕರುವಿಗೆ ಕುಡಿಸಿದ್ದ. ಕರು ಬದುಕಿತು ಎಂದು ಅವನೇ ಬಂದು ಹೇಳಿದ. ನಾವು ನಗುತ್ತಿದ್ದೆವು. ನಕ್ಕ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಸಿಟ್ಟು ಏಕೆಂದರೆ, ನನಗೆ ಕೆಲಸ ಕಲಿಸಿದ ಬೆಂಗಳೂರಿನ ಮೇಟ್ರನ್ ಹಾಗೆ ಕಲಿಸಿರಲಿಲ್ಲ. ಸೀಸೆಯ ಮೇಲಿನ ಚೀಟಿಯನ್ನು ಕಪಾಟಿನಿಂದ ತೆಗೆಯುವಾಗ ಒಮ್ಮೆ ಓದಬೇಕು, ಸುರಿಯುವಾಗ ಒಮ್ಮೆ, ತಿರುಗಿ ಇಡುವಾಗ ಇನ್ನೊಮ್ಮೆ. ಯಾವ ಔಷಧಿ, ಎಷ್ಟು, ಯಾವಾಗ ಎಂದು ತಿಳಿದರೆ ಸಾಲದು, ಯಾರ ಹೊಟ್ಟೆಗೆ ಎಂದು ತಿಳಿಯಬೇಕು, ಆ ಹೊಟ್ಟೆಯಲ್ಲಿ ಆಗಲೇ ಏನಿದೆ ಎಂದು ತಿಳಿಯಬೇಕು. ಆಕೆ ಹೇಳುತ್ತಿದ್ದ ಮಾತು ಒಂದೇ: "ಔಷಧಿಗೆ ಕಣ್ಣಿಲ್ಲ, ನಿಮಗಿದೆ." ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಮನೆಯಲ್ಲೂ ದಿನಕ್ಕೊಮ್ಮೆ ಹೇಳುತ್ತಿದ್ದರು, ಆದರೆ ಎಷ್ಟಾದರೆ ಅತಿ ಎಂದು ನನಗೆ ಹೇಳಿಕೊಟ್ಟವರು ಆಕೆಯೇ.

ನಮ್ಮ ಮನೆ ಎಂದೆನಲ್ಲ, ಅದೂ ಒಂದಿಷ್ಟು ಹೇಳಿಬಿಡುತ್ತೇನೆ. ನಮ್ಮಪ್ಪ ಮಂಡ್ಯದಲ್ಲಿ ದೇವಸ್ಥಾನದ ಅರ್ಚಕರು. ನನ್ನ ಗಂಡ ಹೋದಾಗ ನನಗೆ ಅವರ ಮುಖವೂ ಸರಿಯಾಗಿ ನೆನಪಿರಲಿಲ್ಲ, ಅಷ್ಟು ಚಿಕ್ಕವಳು. ದೊಡ್ಡವಳಾದ ಮೇಲೆ ತಲೆ ಬೋಳಿಸಬೇಕು ಎಂದರು, ಆಗಲ್ಲ ಎಂದೆ. ನರ್ಸ್ ಕೆಲಸ ಕಲಿಯುತ್ತೇನೆ ಎಂದಾಗ ದೊಡ್ಡಪ್ಪ ಹಾರಾಡಿದರು, ಕಂಡಕಂಡವರ ಮಲಮೂತ್ರ ಬಾಚುವ ಕೆಲಸವೇ ಎಂದು. "ನಿಮ್ಮೆಲ್ಲರ ಎಂಜಲೆಲೆ ಎತ್ತೋದಕ್ಕಿಂತ ಮೇಲು ದೊಡ್ಡಪ್ಪ" ಎಂದೆ. ನಾನು ರೈಲು ಹತ್ತುವಾಗ ಅಪ್ಪ ಸ್ಟೇಷನ್ನಿಗೆ ಬಂದು, ಒಂದು ಹೊದಿಕೆ ಕೊಟ್ಟು, ತಿರುಗಿ ನೋಡದೆ ಹೋದರು.

ಇನ್ನು ಆ ದಿನದ ವಿಷಯ.

ಅವತ್ತು ನಮ್ಮ ಕಾಂಪೌಂಡರಿಗೇ ಜ್ವರ ಬಂದು ಮಲಗಿಬಿಟ್ಟಿದ್ದರು. ಡಾಕ್ಟರು ಬೆಳಿಗ್ಗೆಯೇ ಮಿಕ್ಸ್‌ಚರು ಕೂಡಿಸಿಟ್ಟು, ಕಿಂಡಿಯಲ್ಲಿ ನಿಂತು ಅಳೆದು ಕೊಡುವುದನ್ನು ನನಗೆ ವಹಿಸಿದ್ದರು. ಅವರೇ ಮಾಡಿದ ಒಂದು ನಿಯಮವಿತ್ತು: ಕ್ವಿನೈನಿನ ಮೊದಲ ಗುಟುಕನ್ನು ಕಿಂಡಿಯ ಮುಂದೆಯೇ ಕುಡಿಯಬೇಕು. ಇಲ್ಲದಿದ್ದರೆ ಜನ ಬಾಗಿಲಾಚೆ ಹೋಗಿ, ಬೆರಳಲ್ಲಿ ನೆಕ್ಕಿ, ಕಹಿ ಎಂದು ಇಡೀ ಸೀಸೆಯನ್ನು ಚರಂಡಿಗೆ ಸುರಿಯುತ್ತಿದ್ದರು.

ನಿಡಘಟ್ಟದಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಪಟೇಲರ ಹೆಂಡತಿ ಕಮಾನು ಗಾಡಿಯಲ್ಲಿ ಬಂದಿಳಿದರು. ಎತ್ತಿನ ಕೊರಳಲ್ಲಿ ಗಗ್ಗರ, ಆಕೆಯ ಮೂಗಿನಲ್ಲಿ ಅಗಲವಾದ ಬೇಸರಿ. ಸುತ್ತಮುತ್ತಲಿನವರೆಲ್ಲ ಆಕೆಯನ್ನು ಗೌಡತಿ ಎನ್ನುತ್ತಿದ್ದರು. ಸಾಲಿನಲ್ಲಿದ್ದವರು ತಾವಾಗಿಯೇ ಸರಿದು ದಾರಿ ಬಿಟ್ಟರು.

"ದಿನ ಬುಟ್ಟು ದಿನ ಚಳಿಜ್ವರ ಸಾಮಿ" ಎಂದರು ಡಾಕ್ಟರ ಮುಂದೆ. "ಮೈಯೆಲ್ಲ ಗಡಗಡ ಅಂತದೆ."

ಡಾಕ್ಟರು ನಾಲಿಗೆ ನೋಡಿದರು. ಎಲೆಅಡಿಕೆಯ ಕೆಂಪು ಬಿಟ್ಟು ಇನ್ನೇನು ಕಂಡೀತು? ಹಿಂದೆ ಅಷ್ಟುದ್ದ ಸಾಲು. ಕ್ವಿನೈನು, ಜೊತೆಗೆ ಹೊಟ್ಟೆ ತೊಳೆಯಲು ಒಂದು ಪೊಟ್ಟಣ ಭೇದಿ ಉಪ್ಪು ಬರೆದರು. ದೊಡ್ಡವರಿಗೆ ಬರೆಯುವ ಪೂರ್ತಿ ಪ್ರಮಾಣ.

ಕಿಂಡಿಯಲ್ಲಿ ಆಕೆಯಿಂದ ಸೀಸೆ ಈಸಿಕೊಳ್ಳುವಾಗ ಅಂಗೈ ತಗುಲಿತು. ಮಜ್ಜಿಗೆ ಗಡಿಗೆಯಂತೆ ತಣ್ಣಗಿತ್ತು. ಜ್ವರದ ಬಿಡುವಿನ ದಿನ ಇರಬಹುದು ಎಂದುಕೊಂಡೆ. ಮೊದಲ ಗುಟುಕನ್ನು ಗಾಜಿನ ಲೋಟಕ್ಕೆ ಸುರಿದು ಕೊಟ್ಟೆ. ಆಕೆ ಬಾಯಿಗೆ ಹಾಕಿಕೊಂಡು, ತಲೆಯಾಡಿಸಿ, ಸೀಸೆ, ಪೊಟ್ಟಣ ತೆಗೆದುಕೊಂಡು ಗಾಡಿಯ ಕಡೆ ನಡೆದರು. ನಡೆದದ್ದು ಸರಸರನೆ. ಚಳಿಜ್ವರ ಹಿಡಿದವರು ಹಾಗೆ ನಡೆಯುವುದಿಲ್ಲ. ಕಿಂಡಿಯಿಂದ ಬಗ್ಗಿ ನೋಡಿದೆ. ಗಾಡಿಯ ಚಕ್ರದ ಮರೆಗೆ ಹೋಗಿ ಥೂ ಎಂದು ಉಗಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

ನಾನು ಕಿಂಡಿ ಬಿಟ್ಟು ಓಡಿದೆ.

"ಗೌಡತಿ, ಸೀಸೆ ಕೊಡಿ ಇಲ್ಲಿ."

"ಯಾಕವ್ವ?"

"ಜ್ವರ ನಿಮಗಲ್ಲ. ಯಾರಿಗೆ ಅಂತ ಹೇಳಿ."

"ನನ್ಗೇ ಕಣವ್ವ. ನಿನ್ ಔಸ್ತಿ ಬೇವಿನ್ ರಸದಂಗದೆ, ಗಂಟ್ಲಲ್ಲಿ ಇಳೀನಿಲ್ಲ, ಉಗ್ದ್‌ಬುಟ್ಟೆ."

"ಹಾಗಾದರೆ ಇನ್ನೊಂದು ಗುಟುಕು ಕುಡೀರಿ, ನಾನು ನೋಡ್ತಾ ನಿಂತಿರ್ತೀನಿ."

ಆಕೆಯ ಮೂಗಿನ ಬೇಸರಿ ಅದುರಿತು. "ಏನವ್ವ ಇದು, ಸರ್ಕಾರದ್ ಔಸ್ತಿ ಏನ್ ನಿಮ್ಮಪ್ಪನ ಮನೇದಾ?"

"ನಮ್ಮಪ್ಪನ ಮನೆಯದಾಗಿದ್ದರೆ ಬಿಂದಿಗೆ ತುಂಬ ಕೊಡ್ತಿದ್ದೆ. ಸರ್ಕಾರದ್ದು, ಅದಕ್ಕೇ ಕೇಳ್ತಿದೀನಿ" ಎಂದು ಸೀಸೆ, ಪೊಟ್ಟಣ ಎರಡನ್ನೂ ಕಿತ್ತುಕೊಂಡೆ.

ಸಾಲಿನಲ್ಲಿದ್ದವರೆಲ್ಲ ಜ್ವರ ಮರೆತು ಎದ್ದು ನಿಂತರು. ಗದ್ದಲ ಕೇಳಿ ಡಾಕ್ಟರು ಹೊರಗೆ ಬಂದರು. ಗೌಡತಿ ತಾಯಾಣೆ ಇಟ್ಟರು. ಡಾಕ್ಟರು ನನ್ನನ್ನು ಜಗಲಿಯ ಮೂಲೆಗೆ ಕರೆದರು.

"ನೋಡಮ್ಮ, ಆ ಮನೆಯಲ್ಲಿ ಯಾರಿಗೋ ಜ್ವರ ಬಂದಿರೋದಂತೂ ನಿಜ. ಬರಿಗೈಲಿ ಕಳಿಸಿದರೆ ಆ ಜ್ವರವೇ ತಿಂದುಹಾಕುತ್ತೆ. ಕೊಟ್ಟುಬಿಡಿ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಚಳಿಜ್ವರಕ್ಕೆ ಔಷಧಿ ಕೊಡದೆ ಇರುವುದೂ ಒಂದು ಕೊಲೆಯೇ.

"ಯಾರಿಗೆ ಅಂತ ತಿಳಿಯದೆ ಎಷ್ಟು ಅಂತ ಕೊಡಲಿ ಸಾರ್? ಮಗುವಾಗಿದ್ದರೆ? ಬಸುರಿಯಾಗಿದ್ದರೆ?"

ಅವರು ದನಿ ತಗ್ಗಿಸಿದರು. "ಬಸುರಿಯಾಗಿದ್ದರೆ ಭೇದಿ ಉಪ್ಪು ಬೇಡವೇ ಬೇಡ. ಕ್ವಿನೈನು ಕೊಡಲೇಬೇಕು, ಆದರೆ ಸ್ವಲ್ಪ ಸ್ವಲ್ಪ, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ. ಮಲಗಿಸಿರಬೇಕು. ಕಿಬ್ಬೊಟ್ಟೆ ನೋವು ಬಂದರೆ ತಕ್ಷಣ ನಿಲ್ಲಿಸಿ ನನಗೆ ಹೇಳಬೇಕು."

ಡಾಕ್ಟರಿಗೆ ತಿಳಿಯದ್ದು ಏನೂ ಇರಲಿಲ್ಲ. ಅವರ ಮುಂದೆ ಇರಬೇಕಾಗಿದ್ದ ರೋಗಿ ಇರಲಿಲ್ಲ, ಅಷ್ಟೇ.

"ಹಾಗಾದರೆ ನಾನು ಹೋಗಿ ನೋಡಿ ಬರ್ತೀನಿ."

"ಪಟೇಲರ ಮನೆ. ನಾಳೆ ಕಂಪ್ಲೇಂಟು ಬಂದರೆ ನಿಮ್ಮನ್ನ ಉಳಿಸೋಕೆ ನನ್ನಿಂದ ಆಗಲ್ಲ."

"ಉಳಿಸೋದು ಬೇಡ ಸಾರ್. ಹೋಗೋಕೆ ಬಿಡಿ."

ಅವರು ಉಸಿರುಬಿಟ್ಟು, ಅಂಗಿಯ ತೋಳು ಮಡಚಿ, ತಾವೇ ಕಿಂಡಿಗೆ ಹೋಗಿ ನಿಂತರು. ಅದನ್ನು ನಾನು ಅಪ್ಪಣೆ ಎಂದುಕೊಂಡೆ.

ಗೌಡತಿ ಗಾಡಿ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. "ನೀನ್ಯಾಕವ್ವ ನಮ್ಮಟ್ಟಿಗೆ? ಸೀಸೆ ಕೊಟ್ಟು ನಿನ್ ಕೆಲ್ಸ ನೋಡ್ಕ ಓಗು."

"ಸೀಸೆ ಬೇಕಾದರೆ ನಾನೂ ಬರ್ತೀನಿ. ನಾನು ಬೇಡವಾದರೆ ಸೀಸೆಯೂ ಇಲ್ಲ" ಎಂದು, ಕರೆಯದಿದ್ದರೂ ಹತ್ತಿ, ಹುಲ್ಲಿನ ಮೇಲೆ ಕೂತು ಸೀಸೆಯನ್ನು ಮಡಿಲಲ್ಲಿಟ್ಟುಕೊಂಡೆ. ಗಾಡಿ ಹೊಡೆಯುವವನು ನಗು ತಡೆಯಲಾರದೆ ಎತ್ತಿನ ಬಾಲ ತಿರುವಿದ.

ಬೆಂಗಳೂರು ರಸ್ತೆಯ ಸಾಲುಮರಗಳ ಕೆಳಗೆ ಗಾಡಿ ಕಿರುಗುಟ್ಟುತ್ತ ಹೋಯಿತು. ಆಕೆ ಅತ್ತ ನೋಡುತ್ತ, ನಾನು ಇತ್ತ ನೋಡುತ್ತ. ನಿಡಘಟ್ಟ ದಾಟಿ ಒಳದಾರಿ ಹಿಡಿದ ಮೇಲೆ ಆಕೆ ಚೀಲದಿಂದ ಎಲೆ ತೆಗೆದು, ಮಡಿಸಿ, ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು.

"ಸೊಸೆಗೆ ಕಣವ್ವ" ಎಂದರು ಕೊನೆಗೆ. "ಮೂರು ತಿಂಗ್ಳು."

ಎರಡು ಸಲ ಬಸಿರು ನಿಂತು, ಎರಡು ಸಲವೂ ಇಳಿದುಹೋಗಿತ್ತಂತೆ. ಈ ಸಲ ಐದು ತಿಂಗಳು ತುಂಬುವವರೆಗೆ ಹೊರಗಿನವರ ಕಿವಿಗೆ ಬೀಳಬಾರದು, ಬಿದ್ದರೆ ಕಣ್ಣೆಸರಾಗುತ್ತದೆ, ದೃಷ್ಟಿ ತಾಕುತ್ತದೆ ಎಂದು ಹಿರಿಯರು ಹೇಳಿದ್ದರಂತೆ. "ಆಸ್ಪತ್ರೇಲಿ ಯೋಳುದ್ರೆ ಸಂತೇಲಿ ಸಾರ್ದಂಗೆ ಅಲ್ವಾ? ಅದುಕ್ಕೇ ನನ್ಗೇ ಜ್ವರ ಅಂದೆ. ನನ್ ಕೂಸ್ಗೆ ಬರೋದು ನನ್ಗೇ ಬರ್ಲಿ ಅಂತಾನೂ ಅನ್ಕಂಡೆ ಕಣವ್ವ."

ನನಗೆ ಕನಿಕರವಾಯಿತು. ಕನಿಕರದ ಜೊತೆಗೇ ಸಿಟ್ಟು ಎರಡರಷ್ಟಾಯಿತು. ಇಷ್ಟು ಪ್ರೀತಿ ಇಟ್ಟುಕೊಂಡು, ಆ ಪ್ರೀತಿಯಿಂದಲೇ ಸೊಸೆಯ ಹೊಟ್ಟೆ ಬರಿದು ಮಾಡಲು ಹೊರಟಿದ್ದರಲ್ಲ! ಭೇದಿ ಉಪ್ಪು ಕದಡಿ ಕುಡಿಸಿ, ಮೇಲೆ ದೊಡ್ಡವರ ಪ್ರಮಾಣದ ಕ್ವಿನೈನು ಹಾಕಿದ್ದರೆ, ಮೂರನೆಯದೂ ಇಳಿದು, ದೋಷ ಯಾರ ಕಣ್ಣಿಗೋ ಹೋಗುತ್ತಿತ್ತು. ಅದನ್ನು ಆಕೆಗೆ ಹಾಗೇ ಹೇಳಿದೆ. ಆಕೆ ಎಲೆಯನ್ನು ಕೈಯಲ್ಲೇ ಹಿಸುಕಿ ಗಾಡಿಯಿಂದಾಚೆ ಎಸೆದರು.

ಪಟೇಲರು ಜಗಲಿಯ ಮೇಲೆ ಕೂತಿದ್ದರು. ನನ್ನ ಬರಿಯ ಹಣೆ, ಬರಿಯ ಕೈ ನೋಡಿದವರೇ ಮೇಲೆದ್ದರು.

"ಯಾರ್ಲೇ ಇವ್ಳು?"

"ಆಸ್ಪತ್ರೆ ನರ್ಸಮ್ಮ ಕಣ್ರೀ. ಸೊಸೇನ ನೋಡ್ಬುಟ್ಟೇ ಔಸ್ತಿ ಕೊಡೋದಂತೆ" ಎಂದರು ಗೌಡತಿ, ಸೆರಗು ಎಳೆದುಕೊಳ್ಳುತ್ತ.

"ಯೋಳ್ಬುಟ್ಯಾ? ಬಾಯ್ ಬುಟ್ಬುಟ್ಯಾ?" ಹೆಂಡತಿಯನ್ನು ಗದರಿ, ನನ್ನ ಕಡೆ ತಿರುಗಿದರು. "ಬಸ್ರಿ ಎಂಗ್ಸಿನ್ ಮುಂದ್ಕೆ ಮುಂಡೇರ್ನ ಬುಡಾಕಿಲ್ಲ ನಮ್ಮಟ್ಟೀಲಿ. ಸೀಸೆ ಅಲ್ಲಿ ಮಡುಗಿ ನಡೀ ಅತ್ಲಾಗೆ."

ಆ ಮಾತು ನನಗೆ ಹೊಸದೇನಲ್ಲ. ಮದುವೆಯ ಚಪ್ಪರದಲ್ಲಿ, ಪ್ರಯಾಣ ಹೊರಟವರ ಎದುರಿನಲ್ಲಿ, ನಮ್ಮ ಮನೆಯ ನಡುಮನೆಯಲ್ಲೇ ಕೇಳಿ ಬೆಳೆದವಳು ನಾನು. ಆದರೂ ಎದೆಗೆ ನಾಟಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ನೋವಾಯಿತು. ನೋವಾದದ್ದು ಆ ಗೌಡರಿಗೆ ಕಾಣಬಾರದು ಎಂದು ದನಿ ಏರಿಸಿದೆ.

"ಪಟೇಲರೇ, ನನ್ನ ಮುಖ ನೋಡಿದರೆ ಬಸಿರು ಇಳಿಯೋ ಹಾಗಿದ್ದರೆ ನಮ್ಮ ಆಸ್ಪತ್ರೆಯಲ್ಲಿ ಒಂದು ಕೂಸೂ ಹುಟ್ಟಬಾರದಾಗಿತ್ತು. ಈ ಸೀಸೆಯಲ್ಲಿರೋದು, ಈ ಪೊಟ್ಟಣದಲ್ಲಿರೋದು ಅಳತೆಯಿಲ್ಲದೆ ಒಳಗೆ ಹೋದರೆ ಇಳಿಯಬಹುದು. ಯಾವುದಕ್ಕೆ ಹೆದರಬೇಕೋ ಅದಕ್ಕೆ ಹೆದರಿ."

"ಏನಂದೆ?"

"ಕುಡಿಯೋರನ್ನ ನೋಡದೆ ಕೊಡಲ್ಲ ಅಂದೆ."

ಹೇಳಿ ಜಗಲಿಯ ಅಂಚಿನಲ್ಲಿ ಕೂತುಬಿಟ್ಟೆ. ಕೂರು ಎಂದು ಯಾರೂ ಹೇಳಿರಲಿಲ್ಲ. ಬೀದಿಯಲ್ಲಿ ಹೆಂಗಸರು ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ನಿಂತರು. ಪಟೇಲರು ಆಳನ್ನು ಕೂಗಿದರು. ಆಳು ಬಂದ, ಆದರೆ ಹೆಂಗಸನ್ನು ಹೇಗೆ ಎಬ್ಬಿಸುವುದು ಎಂದು ತಿಳಿಯದೆ ಹೆಗಲ ಮೇಲಿನ ಟವೆಲು ತೆಗೆದು ಮತ್ತೆ ಹಾಕಿಕೊಂಡ. ಗೌಡತಿ ಬಾಗಿಲಲ್ಲಿ, ಗಂಡನ ಕಡೆಗೂ ಅಲ್ಲ ನನ್ನ ಕಡೆಗೂ ಅಲ್ಲ ಎಂಬಂತೆ ನಿಂತಿದ್ದರು.

ಆಗ ಅವರ ಬೆನ್ನ ಹಿಂದಿನಿಂದ ಒಂದು ಕೈ ಬಾಗಿಲವಾಡ ಹಿಡಿಯಿತು. ಕಂಬಳಿ ಸುತ್ತಿಕೊಂಡ ಒಬ್ಬ ಹುಡುಗಿ, ತುಟಿ ಒಡೆದು, ಕೆನ್ನೆ ಬಿಳುಚಿ, ನಡುಗುತ್ತ ಹೊರಗೆ ಬಂದಳು. ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಲ್ಲುತ್ತಿರಲಿಲ್ಲ. ಅವರು ಜಗಲಿಯಲ್ಲಿದ್ದರೆ ಆಕೆ ಹಿತ್ತಿಲ ಬಾಗಿಲಲ್ಲಿ ಓಡಾಡಬೇಕು. ಅಂಥವಳು ಬಂದು ಕಂಬ ಹಿಡಿದು ನಿಂತು ಹೇಳಿದಳು:

"ಔಸ್ತಿ ಕುಡ್ಯೋಳು ನಾನು ಮಾವ. ನೋಡ್ಬುಟ್ಟು ಕೊಡ್ತೀನಿ ಅಂತವ್ರೆ. ನೋಡ್ಲಿ ಬುಡಿ."

ಅಷ್ಟು ಹೇಳುವುದರೊಳಗೆ ಕಾಲು ಸೋತು ಕಂಬದ ಬುಡದಲ್ಲಿ ಕುಸಿದಳು. ಗೌಡತಿ ಒಂದು ಕಡೆ ಹಿಡಿದರು, ನಾನು ಇನ್ನೊಂದು ಕಡೆ. ನಾನು ಹೊಸಿಲು ದಾಟಿದ್ದು ಹೀಗೆ. ಯಾರೂ ತಡೆಯಲಿಲ್ಲ.

ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿ ನೋಡಿದೆ. ಮೈ ಸುಡುತ್ತಿತ್ತು, ಎಡಪಕ್ಕೆಯ ಕೆಳಗೆ ಜ್ವರಗಡ್ಡೆ, ಜ್ವರದಿಂದ ಊದಿದ ಗುಲ್ಮ, ಕೈಗೆ ಸಿಕ್ಕಿತು. ಅಂದರೆ ಚಳಿಜ್ವರವೇ, ಸಂಶಯವಿಲ್ಲ. ರಕ್ತ ಕಂಡಿದೆಯೇ ಎಂದೆ. ಇಲ್ಲ ಎಂದಳು. ಊಟ? ಪಥ್ಯವೆಂದು ಗಂಜಿಯ ತಿಳಿ ಬಿಟ್ಟು ಏನೂ ಇಲ್ಲ. ಕಿಬ್ಬೊಟ್ಟೆಯಲ್ಲಿ ನೋವಿದೆಯೇ ಎಂದು ಕೇಳಿದರೆ, "ಆಂ?" ಎಂದಳು. ಇನ್ನೊಮ್ಮೆ ಕೇಳಿದೆ, ಮತ್ತೆ "ಆಂ?" ಬಾಯಿ ಕಿವಿಯ ಹತ್ತಿರ ಒಯ್ದು ಕೇಳಿದೆ.

"ಬೆಳಗ್ಗಿಂದ ವಸಿ ಇಡ್ಕಂಡಂಗಾಯ್ತದೆ. ಜೋರಾಗ್ ಮಾತಾಡಮ್ಮ, ಕಿವೀಲಿ ಜೀರುಂಡೆ ಕೂತಂಗೆ ಗುಂಯ್ ಅಂತದೆ."

ನನ್ನ ಕೈ ಅಲ್ಲೇ ನಿಂತಿತು. ಕಿವಿ ಗುಂಯ್ ಎನ್ನುವುದು ಜ್ವರದ ಲಕ್ಷಣವಲ್ಲ, ಕ್ವಿನೈನಿನ ಲಕ್ಷಣ. ಮೈಯಲ್ಲಿ ಅದು ತುಂಬಿಕೊಂಡಾಗ ಮೊದಲು ಕೂಗುವುದು ಕಿವಿಯೇ. ನನ್ನ ಸೀಸೆಯಿಂದ ಅವಳಿಗೆ ಒಂದು ಹನಿಯೂ ಹೋಗಿರಲಿಲ್ಲ. ಹಾಗಾದರೆ ಈ ಹುಡುಗಿಯ ಹೊಟ್ಟೆಗೆ ಕ್ವಿನೈನು ಎಲ್ಲಿಂದ ಹೋಯಿತು?

"ಇವಳಿಗೆ ಆಗಲೇ ಏನು ಕೊಟ್ಟಿದ್ದೀರಿ ಗೌಡತಿ?"

"ಔಸ್ತಿ ಏನೂ ಕೊಟ್ಟಿಲ್ಲ ಕಣವ್ವ, ದೇವ್ರಾಣೆ."

"ಕಹಿಯಾಗಿರೋದು ಏನಾದರೂ?"

"ಬರೀ ಗುಳ್ಗೆ. ಅದು ಔಸ್ತಿ ಅಲ್ಲ."

ಗೋಡೆಯ ಗೂಡಿನಿಂದ ಒಂದು ಡಬ್ಬಿ ತಂದ ಗೌಡತಿ ಬಿಳಿಯ ಗುಳಿಗೆಗಳನ್ನು ತೋರಿಸಿದರು. ನಾಲೆ ಕೆಲಸದವರಿಗೆ ಹಂಚಿದ್ದವು. ಪಟೇಲರಿಗೆ ಜ್ವರ ಬಂದಾಗ ಅಲ್ಲಿಯ ಮೇಸ್ತ್ರಿಯಿಂದ ತರಿಸಿ ನುಂಗಿದ್ದರು, ವಾಸಿಯಾಗಿತ್ತು. ಮಿಕ್ಕದ್ದನ್ನು ಸೊಸೆಗೆ ಕೊಡು ಎಂದು ಪಟೇಲರೇ ಹೇಳಿದ್ದರಂತೆ. ಗಂಡಸಾಳಿಗೆ ಕೊಟ್ಟ ಹಾಗೆಯೇ, ಬೆಳಿಗ್ಗೆಯೂ ಸಂಜೆಯೂ, ಬರಿಹೊಟ್ಟೆಗೆ ನುಂಗಿಸಿದ್ದರು. ಜ್ವರ ಇಳಿಯದಿದ್ದಾಗ ಆಸ್ಪತ್ರೆಗೆ ಗಾಡಿ ಕಟ್ಟಿಸಿದ್ದರು. ಒಂದು ಗುಳಿಗೆಯನ್ನು ನಾಲಿಗೆಗೆ ತಾಗಿಸಿದೆ. ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಇದೂ ಅದೇ" ಎಂದು ಸೀಸೆ ತೋರಿಸಿದೆ.

"ಅದೆಂಗಾದಾತು? ಅದು ಗುಳ್ಗೆ, ಇದು ನೀರು. ಅದೇ ಬ್ಯಾರೆ, ಇದೇ ಬ್ಯಾರೆ."

ಮಾತ್ರೆ ಬೇರೆ, ಮಿಕ್ಸ್‌ಚರು ಬೇರೆ, ಎರಡೂ ಕೊಟ್ಟರೆ ಎರಡರ ಗುಣವೂ ಸಿಗುತ್ತದೆ. ಆಕೆಯ ಲೆಕ್ಕ ಅದು. ಆಕೆಯೊಬ್ಬರದೇ ಅಲ್ಲ, ಆ ಸೀಮೆಯ ಎಲ್ಲರದೂ.

"ಗೌಡತಿ, ಅಚ್ಚುಬೆಲ್ಲ ತಿಂದರೂ ಪಾನಕ ಕುಡಿದರೂ ಹೊಟ್ಟೆಗೆ ಹೋಗೋದು ಬೆಲ್ಲವೇ ತಾನೆ? ಹಾಗೆ ಇದು. ಆಗಲೇ ಇವಳ ಮೈ ತುಂಬ ಇದೆ. ಕಿವಿ ಕೂಗ್ತಿದೆ, ಕಿಬ್ಬೊಟ್ಟೆ ಹಿಡೀತಿದೆ. ಇದರ ಮೇಲೆ ಈ ಸೀಸೆಯನ್ನೂ ಹಾಕಿ, ಭೇದಿಯನ್ನೂ ಹಾಕಿದ್ದರೆ..."

ಗೌಡತಿ ಬಾಯಿಗೆ ಸೆರಗು ಒತ್ತಿಕೊಂಡು, "ಸಿವನೇ" ಎನ್ನುತ್ತ ಗೋಡೆಗೆ ಒರಗಿದರು. ಪಟೇಲರು ನಡುಮನೆಯ ಬಾಗಿಲಿನವರೆಗೆ ಬಂದಿದ್ದರು. ಎಲ್ಲವೂ ಅವರ ಕಿವಿಗೆ ಬಿದ್ದಿತ್ತು.

ಆ ಹೊತ್ತು ನಾನು ಏನನ್ನೂ ಕೊಡಲಿಲ್ಲ. ಇಷ್ಟು ಕೊಡಿ, ಅಷ್ಟು ಬೇಡ ಎಂದು ತೀರ್ಮಾನಿಸುವುದು ಡಾಕ್ಟರ ಕೆಲಸ, ಆ ಅಧಿಕಾರ ನನಗಿರಲಿಲ್ಲ. ಆದರೆ ಕೊಡದೆ ನಿಲ್ಲುವ ಅಧಿಕಾರ ಇತ್ತು. ಅದನ್ನು ಯಾರೂ ನನಗೆ ದಾನ ಮಾಡಿದ್ದಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕಿಸಿದೆ, ಉಪ್ಪು ಹಾಕಿದ ಗಂಜಿಯನ್ನು ಅನ್ನದ ಸಮೇತ ತಿನ್ನಿಸಿದೆ, ಅಲುಗಾಡದೆ ಮಲಗಿರು ಎಂದೆ. ಸೀಸೆ, ಪೊಟ್ಟಣ, ಡಬ್ಬಿ ಮೂರನ್ನೂ ಎತ್ತಿಕೊಂಡು ಹೊರಟೆ.

"ಅದು ನನ್ ಗುಳ್ಗೆ ಕಣವ್ವ" ಎಂದರು ಪಟೇಲರು. ದನಿಯಲ್ಲಿ ಮೊದಲಿನ ಗುಡುಗು ಇರಲಿಲ್ಲ.

"ಜ್ವರ ಬಂದಾಗ ಆಸ್ಪತ್ರೆಗೆ ಬನ್ನಿ, ನೀವೇ. ನಿಮ್ಮನ್ನ ನೋಡಿ ಕೊಡ್ತೀನಿ."

ಸಂಜೆ ಮದ್ದೂರಿಗೆ ಬಂದು ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಮರುಬೆಳಿಗ್ಗೆ ಸೈಕಲ್ಲು ಹತ್ತಿ ತಾವೇ ಆ ಹಳ್ಳಿಗೆ ಹೋದರು. ಕಿವಿಯ ಗುಂಯ್ ಇಳಿಯುವವರೆಗೆ ಕಾದು, ಆಮೇಲೆ ಸ್ವಲ್ಪಸ್ವಲ್ಪವಾಗಿ, ಊಟದ ಮೇಲೆ, ದಿನವೂ ವಿಚಾರಿಸಿಕೊಂಡು ಔಷಧಿ ನಡೆಸಿದರು. ಕಿಬ್ಬೊಟ್ಟೆಯ ಹಿಡಿತ ಬಿಟ್ಟಿತು, ಜ್ವರವೂ ಬಿಟ್ಟಿತು. ಬಸಿರು ಉಳಿಯಿತು.

ಕಂಪ್ಲೇಂಟೂ ಬಂತು. ಔಷಧಿಯ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ. ಗಂಡನಿಲ್ಲದವಳು ಬಲವಂತವಾಗಿ ಗೃಹಸ್ಥರ ಮನೆಗೆ ನುಗ್ಗಿ ಅಪಶಕುನ ಮಾಡಿದಳು, ಪಟೇಲರಿಗೆ ಎದುರು ಮಾತಾಡಿದಳು ಎಂದಿತ್ತು. ಸೊಸೆ ತಮ್ಮೆದುರು ಬಂದು ನಿಂತದ್ದನ್ನು ಅವರಿಗೆ ಅರಗಿಸಿಕೊಳ್ಳಲಾಗಿರಲಿಲ್ಲ ಎಂದು ನನಗೆ ತೋರುತ್ತದೆ. ಆ ಸಿಟ್ಟನ್ನು ಹುಡುಗಿಯ ಮೇಲೆ ತೀರಿಸದೆ ನನ್ನ ಮೇಲೆ ತೀರಿಸಿಕೊಂಡರು. ಹಾಗಾದದ್ದೇ ಒಳ್ಳೆಯದಾಯಿತು.

ಮಂಡ್ಯದಲ್ಲಿ ಒಬ್ಬ ಅಧಿಕಾರಿ ನನ್ನನ್ನು ಕರೆಸಿದರು. ಕೆಟ್ಟವರಲ್ಲ. "ತಪ್ಪಾಯ್ತು ಅಂತ ಎರಡು ಸಾಲು ಬರೆದುಕೊಡಮ್ಮ, ಇಲ್ಲಿಗೇ ಮುಗಿಸಿಬಿಡ್ತೀನಿ" ಎಂದರು.

"ಏನು ತಪ್ಪಾಯ್ತು ಅಂತ ಬರೀಲಿ ಸಾರ್? ರೋಗಿಯನ್ನ ನೋಡಿದ್ದು ತಪ್ಪಾಯ್ತು ಅಂತಲೇ?"

ಅವರು ಕನ್ನಡಕ ತೆಗೆದು ಒರೆಸಿದರು. ಬರೆಯದಿದ್ದರೆ ಮಳವಳ್ಳಿಗೆ ವರ್ಗ ಎಂದರು.

"ಮಳವಳ್ಳಿಯಲ್ಲೂ ಜನ ಔಷಧಿ ಕುಡೀತಾರಲ್ಲ ಸಾರ್" ಎಂದು ನಮಸ್ಕಾರ ಮಾಡಿ ಬಂದೆ.

ಟ್ರಂಕು ಕಟ್ಟುವ ಮೊದಲು ಅಪ್ಪನನ್ನು ನೋಡಲು ಮನೆಗೆ ಹೋದರೆ ದೊಡ್ಡಪ್ಪನಿಗೆ ಸಮಾಚಾರ ಆಗಲೇ ಮುಟ್ಟಿತ್ತು. "ಅದಕ್ಕೇ ಹೇಳೋದು, ಬಾಯಿ ಬಿಟ್ಟರೆ ಬಣ್ಣಗೇಡು ಅಂತ" ಎಂದು ಗಾದೆ ಹೊಡೆದರು. "ಬಿಳಿ ಸೀರೆ ಉಡಿಸಿದೋರು ನೀವೇ ದೊಡ್ಡಪ್ಪ, ಇನ್ನು ಕೆಡೋಕೆ ಯಾವ ಬಣ್ಣ ಉಳಿದಿದೆ?" ಎಂದೆ. ಆ ದಿನ ಅಪ್ಪ ನಕ್ಕರು. ಅಪ್ಪ ಹಾಗೆ ಬಾಯಿಬಿಟ್ಟು ನಕ್ಕದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ಮಳವಳ್ಳಿಯಲ್ಲಿ ಮಳೆಗಾಲ ಕಳೆದು, ಕಬ್ಬು ಕಡಿಯುವ ಕಾಲ ಬಂದಿತ್ತು. ಒಂದು ಮಧ್ಯಾಹ್ನ ಆಸ್ಪತ್ರೆಯ ಮುಂದೆ ಗಾಡಿ ನಿಂತಿತು. ಇಬ್ಬರು ಹೆಂಗಸರ ಹೆಗಲ ಮೇಲೆ ಕೈಹಾಕಿ ಇಳಿದವಳು ಆ ಹುಡುಗಿಯೇ. ದಿನ ತುಂಬಿ, ನೋವು ಶುರುವಾಗಿತ್ತು. ಆಕೆಯ ತವರು ಮಳವಳ್ಳಿಯ ಹತ್ತಿರದ ಒಂದು ಊರು. ಬಾಣಂತನಕ್ಕೆ ಬಂದಿದ್ದಳು. ಊರಿನಲ್ಲೇ ಸೂಲಗಿತ್ತಿ ಇದ್ದಳು. ಆದರೂ, ಆ ನರ್ಸಮ್ಮ ಇರುವ ಕಡೆಗೇ ನಾನು ಹೋಗಬೇಕು ಎಂದು ಹಟ ಹಿಡಿದು ಗಾಡಿ ಕಟ್ಟಿಸಿದ್ದಳಂತೆ. ಜೊತೆಗೆ ಅವಳ ತಾಯಿ, ಒಬ್ಬ ಅಜ್ಜಿ, ನಿಡಘಟ್ಟದ ಕಡೆಯಿಂದ ಬಂದಿದ್ದ ಗೌಡತಿ.

ನೋವು ನಿಧಾನವಾಗಿತ್ತು. "ಬೇಗ ಆಗೋಕೆ ಒಂದ್ ಗುಟುಕು ಏನಾರ ಔಸ್ತಿ ಕೊಡವ್ವ" ಎಂದು ಅಜ್ಜಿ ಪೀಡಿಸಿದಳು. ಅಂಥ ಔಷಧಿ ಕಪಾಟಿನಲ್ಲಿತ್ತು, ಮಗು ಹೊರಬರುವ ಮೊದಲು ಅದನ್ನು ಮುಟ್ಟಬಾರದು ಎಂಬುದೂ ನನಗೆ ಗೊತ್ತಿತ್ತು. "ಬೇಗ ಆಗಬೇಕಾದ್ದು ನಿಮಗೆ, ಅವಳಿಗಲ್ಲ. ಸುಮ್ಮನೆ ಕೂತ್ಕೊಳಜ್ಜಿ" ಎಂದೆ. ನನಗಿಂತ ಮೊದಲು ಗೌಡತಿಯೇ ಅಜ್ಜಿಯ ತೋಳು ಹಿಡಿದು ಮೂಲೆಗೆ ಕೂರಿಸಿದರು.

ಹೊತ್ತು ಇಳಿಯುವ ಮುಂಚೆ ಮಗು ಹುಟ್ಟಿತು, ಹೆಣ್ಣು. ಕೈಯಲ್ಲಿ ಹಿಡಿದು ಬೆನ್ನು ತಟ್ಟಿದೆ, ಕಿರುಚಿತು. ಒರೆಸಿ, ಬಟ್ಟೆ ಸುತ್ತಿ ತಾಯಿಗೆ ತೋರಿಸಲು ಬಗ್ಗಿದೆ. ಆಗ ನನಗೇ ತಿಳಿಯದೆ ಒಂದು ಕೆಲಸ ನಡೆದುಹೋಯಿತು. ಕೈ ಮಗುವನ್ನು ಮುಂದಕ್ಕೆ ಚಾಚಿತು, ಮುಖ ಪಕ್ಕಕ್ಕೆ ತಿರುಗಿತು. ಪಟೇಲರ ಜಗಲಿಯಲ್ಲಿ ಗಂಟಲು ಹರಿಯುವಂತೆ ಕೂಗಿದವಳು ನಾನೇ, ಆದರೆ ಆ ಗಳಿಗೆಯಲ್ಲಿ ಮಗುವಿನ ಮೊದಲ ದೃಷ್ಟಿ ನನ್ನ ಮೇಲೆ ಬೀಳದಿರಲಿ ಎಂದು ಕತ್ತು ತಾನೇ ಹೊರಳಿತು. ಅಷ್ಟು ಆಳಕ್ಕೆ ಇಳಿಸಿದ್ದರು ನನ್ನೊಳಗೆ ಅದನ್ನು.

ಹುಡುಗಿ ಬೆವೆತ ಕೈ ಚಾಚಿ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು. ಅಜ್ಜಿ ಏನೋ ಗೊಣಗಿದಳು. ಅದು ಅವಳಿಗೆ ಕೇಳಿಸಿತೋ ಇಲ್ಲವೋ.

"ಯಾಕ್ ನರ್ಸಮ್ಮ ಮೊಕ ತಿರುಗ್ಸೀಯೆ? ನೋಡು. ನೀ ನೋಡ್ದೆ ಓಗಿದ್ರೆ ಇದೆಲ್ಲಿತ್ತು?"

ಮಗು ಕಣ್ಣು ಬಿಟ್ಟಿತ್ತು. ನೋಡಿದೆ.